ಬಾದಾಮಿ ಕೆಡವಿದ ದಂಡನಾಯಕ ನಮ್ಮೂರ ಸಿರಿಯಾಳ ಸೆಟ್ಟಿಯಾದದ್ದು

ಶ್ರಾವಣ ಬಂತೆಂದರೆ ನಮ್ಮ ನಲ್ಲೂರು ಕಡೆ ಒಂದಲ್ಲ ಒಂದು ಊರಿನಲ್ಲಿ ಪುರಾಣ ಹಚ್ಚುತ್ತಾರೆ. ಅಡಿಕೆ ತೋಟದಿಂದ, ಗದ್ದೆಯಿಂದ ಬಂದವರು ಊಟ ಮುಗಿಸಿ ಗುಡಿಯ ಮುಂದೆ ಕೂರುವ ಹೊತ್ತಿಗೆ ಹಾರ್ಮೋನಿಯಂ ಶುರುವಾಗಿರುತ್ತದೆ. ಶಾಸ್ತ್ರಿಗಳು ಹಾಡುತ್ತಾರೆ, ಅರ್ಥ ಹೇಳುತ್ತಾರೆ, ನಡುವೆ ಒಂದು ನಗೆಮಾತು ಸೇರಿಸಿ ಮತ್ತೆ ಹಾಡಿಗೆ ಹೋಗುತ್ತಾರೆ. ಸಿರಿಯಾಳ ಸೆಟ್ಟಿಯ ಕತೆ ಬರುವ ರಾತ್ರಿ ಮಾತ್ರ ನಗೆಮಾತು ಇರುವುದಿಲ್ಲ. ಚಂಗಳೆ ಇಲ್ಲದ ಮಗನನ್ನು ಹೆಸರು ಹಿಡಿದು ಕರೆಯುವ ಭಾಗ ಬಂದಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತದೆ.

ಅಂಥದೊಂದು ರಾತ್ರಿ ಮುಗಿದು ಎಲ್ಲರೂ ಏಳುವಾಗ ನಮ್ಮಲ್ಲೊಬ್ಬರು ಪಕ್ಕದಲ್ಲಿದ್ದ ಅಜ್ಜನನ್ನು ಕೇಳಿದರು: 'ಅಜ್ಜಾ, ಸಿರಿಯಾಳ ಯಾವೂರನು?'

'ಕಂಚಿ ಅಂತ ಈಗ್ಲೇ ಹೇಳಿದ್ರಲ್ಲಪ್ಪ.'

'ಕಂಚಿ ತಮಿಳುನಾಡಿನಾಗೆ ಐತಲ್ಲಜ್ಜ?'

'ಇರ್ಲಿ ಬಿಡು. ಸಿರಿಯಾಳ ನಮ್ಮೋನೇ.'

ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಕೇಳಬೇಕೆಂಬುದು ಪತ್ರಿಕೋದ್ಯಮದ ತರಗತಿಯಲ್ಲಿ ನಾವು ಕಲಿತ ಮೊದಲ ಪಾಠ. ಆ ರಾತ್ರಿಯ ಮಾತು ನಮ್ಮ ತಲೆಯಲ್ಲಿ ಉಳಿಯಿತು. ತಮಿಳು ನಾಡಿನ ಒಬ್ಬ ಶಿವಭಕ್ತ ಚನ್ನಗಿರಿ ಸೀಮೆಯ ಅಜ್ಜನೊಬ್ಬನಿಗೆ 'ನಮ್ಮೋನೇ' ಆದದ್ದು ಹೇಗೆ? ಅವನನ್ನು ಇಲ್ಲಿಗೆ ಹೊತ್ತು ತಂದವರು ಯಾರು? ದಾರಿಯಲ್ಲಿ ಅವನಿಗೆ ಏನೇನಾಯಿತು? ಹುಡುಕುತ್ತಾ ಹೋದಾಗ ಸಿಕ್ಕ ಸಂಗತಿ ನಮ್ಮನ್ನೇ ಬೆರಗುಗೊಳಿಸಿತು. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಕತೆ. ಸಿರಿಯಾಳ ದಿನವೂ ಜಂಗಮರಿಗೆ ಉಣಿಸದೆ ತಾನು ಉಣ್ಣದವನು. ಶಿವ ಜಂಗಮನ ವೇಷದಲ್ಲಿ ಬಂದು ನಿನ್ನ ಮಗನನ್ನೇ ಅಡಿಗೆ ಮಾಡಿ ಬಡಿಸು ಎನ್ನುತ್ತಾನೆ. ಗಂಡಹೆಂಡಿರು ಹಾಗೇ ಮಾಡುತ್ತಾರೆ. ಮಗ ಜೊತೆಗೆ ಕೂರದೆ ನಾನು ಉಣ್ಣಲಾರೆ ಎಂದು ಅತಿಥಿ ಹಟ ಹಿಡಿಯುತ್ತಾನೆ. ಕರೆದರೆ ಮಗ ಓಡಿಬರುತ್ತಾನೆ. ಕೇಳುವುದಕ್ಕೆ ಕಷ್ಟವಾಗುವ ಕತೆ. 1980ರಲ್ಲಿ ಲೋಕೇಶ್ ಅಭಿನಯದ 'ಭಕ್ತ ಸಿರಿಯಾಳ' ಸಿನಿಮಾ ಬಂದಾಗ ಅತ್ತ ತಲೆಮಾರು ಈಗಲೂ ನಮ್ಮ ಮನೆಗಳಲ್ಲಿದೆ.

ಈ ಕತೆಯ ತಮಿಳು ಮೂಲದಲ್ಲಿ ಅವನ ಹೆಸರು ಸಿರುತ್ತೊಂಡರ್, ಅಂದರೆ ಚಿಕ್ಕ ಸೇವಕ. ಊರು ಕಂಚಿಯಲ್ಲ, ಕಾವೇರಿ ಬಯಲಿನ ತಿರುಚ್ಚೆಂಗಾಟ್ಟಂಗುಡಿ. ಕಸುಬು ವ್ಯಾಪಾರವೂ ಅಲ್ಲ, ಯುದ್ಧ. ಪರಂಜ್ಯೋತಿ ಎಂಬ ಹೆಸರಿನಲ್ಲಿ ಅವನು ಅರಸನ ದಂಡನಾಯಕನಾಗಿದ್ದ. ದಂಡೆತ್ತಿ ಹೋಗಿ ಅವನು ನೆಲಸಮ ಮಾಡಿದ ಊರಿನ ಹೆಸರು ವಾತಾಪಿ ಎಂದು 12ನೇ ಶತಮಾನದಲ್ಲಿ ಶೇಕ್ಕಿಳಾರ್ ಬರೆದ 'ಪೆರಿಯ ಪುರಾಣಂ' ಹೇಳುತ್ತದೆ.

ವಾತಾಪಿ ಎಂದರೆ ನಮ್ಮ ಬಾದಾಮಿ.

ಪಲ್ಲವರ ನರಸಿಂಹವರ್ಮ 642ರಲ್ಲಿ ಇಮ್ಮಡಿ ಪುಲಿಕೇಶಿಯ ರಾಜಧಾನಿಯನ್ನು ಹಿಡಿದದ್ದು ಇತಿಹಾಸ. ಬಾದಾಮಿಯ ಬಂಡೆಯ ಮೇಲೆಯೇ ಅವನ ಶಾಸನವಿದೆ. 'ವಾತಾಪಿಕೊಂಡ' ಎಂದು ಅವನು ಬಿರುದು ಧರಿಸಿದ. ತಿರುಚ್ಚೆಂಗಾಟ್ಟಂಗುಡಿಯ ಗುಡಿಯಲ್ಲಿರುವ ಗಣಪತಿಯನ್ನು ಆ ದಂಡನಾಯಕ ವಾತಾಪಿಯಿಂದಲೇ ತಂದದ್ದೆಂದು ಅಲ್ಲಿನವರು ಹೇಳುತ್ತಾರೆ. ಪೆರಿಯ ಪುರಾಣಂ ಯುದ್ಧ ನಡೆದು ಐನೂರು ವರ್ಷಗಳ ನಂತರ ಬರೆದ ಭಕ್ತಿಗ್ರಂಥ, ಅದನ್ನು ಯುದ್ಧದ ವರದಿಯೆಂದು ಓದಬೇಕಿಲ್ಲ. ಆದರೆ ತಮಿಳರ ನೆನಪಿನಲ್ಲಿ ಈ ಸಂತ ಕನ್ನಡ ಅರಸರ ರಾಜಧಾನಿಯನ್ನು ಹಾಳುಮಾಡಿದ ವೀರ. ಅವನೇ ನಮ್ಮ ಗುಡಿಯ ಮುಂದೆ ನಮ್ಮವರನ್ನು ಅಳಿಸುವ ಸಿರಿಯಾಳ ಸೆಟ್ಟಿ.

ಈ ಪಯಣ ನಡೆದದ್ದು ಹೀಗೆ. ತಮಿಳು ಶಿವಭಕ್ತರನ್ನು ನಾಯನ್ಮಾರರೆನ್ನುತ್ತಾರೆ. 8ನೇ ಶತಮಾನದ ಹೊತ್ತಿಗೆ ಸುಂದರರ್ ಎಂಬ ಭಕ್ತಕವಿ ಶಿವಭಕ್ತರ ಹೆಸರುಗಳನ್ನು ಒಂದು ಹಾಡಿನಲ್ಲಿ ಪೋಣಿಸಿದ. ಹೆಸರು ಹಿಡಿದು ಹೇಳಿದವರು 60 ಮಂದಿ. ಮುಂದೆ ಸುಂದರರ್ ಮತ್ತು ಅವನ ತಂದೆತಾಯಿ ಸೇರಿ 63 ಆಯಿತು. ಆ ಪಟ್ಟಿಯನ್ನು ದೊಡ್ಡ ಕಾವ್ಯವಾಗಿ ಬೆಳೆಸಿದವರು ಎರಡನೇ ಕುಲೋತ್ತುಂಗ ಚೋಳನ ಕಾಲದ ಶೇಕ್ಕಿಳಾರ್.

ಕನ್ನಡಕ್ಕೆ ಇವರು ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 12ನೇ ಶತಮಾನದ ಶರಣರ ವಚನಗಳಲ್ಲಿ ಸಿರಿಯಾಳ ಆಗಲೇ ಮನೆಮಾತು. ಶರಣರು ಇವರನ್ನು 'ಪುರಾತನರು' ಎಂದರು, ನಮಗಿಂತ ಹಳಬರು, ನಮಗೆ ದಾರಿ ತೋರಿದವರು ಎಂಬ ಅರ್ಥದಲ್ಲಿ. ಆಮೇಲೆ ಹಂಪೆಯ ಹರಿಹರ ತನ್ನ ರಗಳೆಗಳಲ್ಲಿ ಪುರಾತನರನ್ನೂ ಶರಣರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದ. ಸುಂದರರ್ ಅವನಲ್ಲಿ ನಂಬಿಯಣ್ಣನಾದ. ಕಾರೈಕ್ಕಾಲಿನ ಅಮ್ಮೈಯಾರ್ ಕಾರಿಕಾಲಮ್ಮೆಯಾದಳು. ಆ ರಗಳೆಗಳ ಪಕ್ಕದಲ್ಲೇ ಬಸವಣ್ಣ, ಅಕ್ಕಮಹಾದೇವಿ, ಕುಂಬಾರ ಗುಂಡಯ್ಯನ ರಗಳೆಗಳಿವೆ. ಓದುವವನಿಗೆ ಯಾರು ತಮಿಳರು, ಯಾರು ಕನ್ನಡಿಗರು ಎಂದು ಥಟ್ಟನೆ ಹೊಳೆಯುವುದೇ ಇಲ್ಲ.

13ನೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವ ಪುರಾಣ ಬರೆದ. ಬಸವಣ್ಣನ ಕತೆಯ ಹೊಟ್ಟೆಯೊಳಗೆ ಪುರಾತನರ ಕತೆಗಳನ್ನು ಸೇರಿಸಿದ. 1369ರಲ್ಲಿ ಭೀಮಕವಿ ಅದನ್ನು ಷಟ್ಪದಿಯಲ್ಲಿ ಕನ್ನಡಕ್ಕೆ ತಂದ. ಅಲ್ಲಿಂದ ಮುಂದೆ ಬಸವಣ್ಣನ ಪುರಾಣ ಹಚ್ಚಿದ ಕಡೆಯೆಲ್ಲ ಸಿರಿಯಾಳ, ಕಣ್ಣಪ್ಪ, ನಂಬಿ ಕರೆಯದೆಯೇ ಬರುವ ನೆಂಟರಾದರು. ನಮ್ಮ ಶ್ರಾವಣದ ಪುರಾಣದ ಬೇರು ಇದೇ.

ಬಂದ ನೆಂಟರ ವೇಷ ಬದಲಾಗಿತ್ತು. ಸಿರುತ್ತೊಂಡರ್ ಸಿರಿಯಾಳನಾದ. ತಮಿಳಿನಲ್ಲಿ ಸೀರಾಳನ್ ಎಂಬುದು ಮಗನ ಹೆಸರು, ಆ ಸದ್ದು ಕನ್ನಡದಲ್ಲಿ ಅಪ್ಪನ ಹೆಸರಿನಲ್ಲಿ ಕೇಳುತ್ತದೆ. ಕಾವೇರಿ ಬಯಲಿನ ಪುಟ್ಟ ಊರಿನ ಜಾಗಕ್ಕೆ ಎಲ್ಲರೂ ಕೇಳಿ ಬಲ್ಲ ಕಂಚಿ ಬಂತು. ಕತ್ತಿಯ ಜಾಗಕ್ಕೆ ತಕ್ಕಡಿ ಬಂತು. ವಾತಾಪಿ ಯುದ್ಧದ ಮಾತೇ ಮಾಯವಾಯಿತು. ಯಾರೋ ಒಬ್ಬರು ಕುಳಿತು ಬೇಕೆಂದೇ ಅಳಿಸಿದರು ಎಂದು ನಾವು ಹೇಳುತ್ತಿಲ್ಲ. ಬಾಯಿಂದ ಬಾಯಿಗೆ ಹೋಗುವ ಕತೆ ಕೇಳುವವರಿಗೆ ಬೇಡದ್ದನ್ನು ದಾರಿಯಲ್ಲೇ ಇಳಿಸಿ ಬರುತ್ತದೆ. ಜೊತೆಗೆ, ದುಡಿದು ತಂದದ್ದನ್ನು ಹಂಚಿ ಉಣ್ಣುವ ದಾಸೋಹವೇ ಶರಣರಿಗೆ ದೊಡ್ಡದಾಗಿತ್ತು. ಸೂರೆ ತಂದು ಉಣಿಸುವ ದಂಡನಾಯಕನಿಗಿಂತ ಅಂಗಡಿ ಇಟ್ಟು ಉಣಿಸುವ ಸೆಟ್ಟಿ ಅವರ ಮಾತಿಗೆ ಹೊಂದುತ್ತಿದ್ದ.

ಆದರೆ ಕಾವ್ಯದಲ್ಲಿ ಬಂದ ಮಾತ್ರಕ್ಕೆ ಸಂತ ಹಳ್ಳಿಗೆ ಬಂದಂತಾಗುವುದಿಲ್ಲ. ಹೊತ್ತು ತಿರುಗುವವರು ಬೇಕು. ಅವರು ಸಿಕ್ಕಿದ್ದು 15ನೇ ಶತಮಾನದಲ್ಲಿ.

1424ರಿಂದ 1446ರವರೆಗೆ ವಿಜಯನಗರವನ್ನು ಆಳಿದ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರಿದ್ದರು ಎಂದು ವೀರಶೈವ ಪರಂಪರೆ ನೆನೆಯುತ್ತದೆ. ಮನೆಮಠ ಬಿಟ್ಟ ಇವರು ಕಲ್ಯಾಣದ ಶರಣರು ಚದುರಿ ಹೋದ ಮೇಲೆ ಉಳಿದಿದ್ದ ವಚನಗಳನ್ನು ಕೂಡಿಸಿದರು, ಟೀಕೆ ಬರೆದರು, ಷಟ್‌ಸ್ಥಲದ ಪ್ರಕಾರ ಜೋಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ 'ಶೂನ್ಯಸಂಪಾದನೆ' ಮಾಡಿದ್ದು, ಚಾಮರಸ 'ಪ್ರಭುಲಿಂಗಲೀಲೆ' ಬರೆದದ್ದು ಈ ಶತಮಾನದಲ್ಲೇ. ಅರಸನ ದಂಡನಾಯಕ ಲಕ್ಕಣ್ಣ ದಂಡೇಶ 'ಶಿವತತ್ತ್ವ ಚಿಂತಾಮಣಿ'ಯಲ್ಲಿ ಶಿವನ ಲೀಲೆಗಳ ಜೊತೆಗೆ ಶಿವಭಕ್ತರ ಕತೆಗಳನ್ನೂ ಕೂಡಿಟ್ಟ.

ಈ ವಿರಕ್ತರಿಗೆ ಪುರಾತನರು ಯಾಕೆ ಬೇಕಾಗಿದ್ದರು? ಹಂಪೆಯ ಆಸ್ಥಾನದಲ್ಲಿ ವೈಷ್ಣವರಿದ್ದರು, ಜೈನರಿದ್ದರು, ಬೇರೆ ಬೇರೆ ಶೈವರಿದ್ದರು. ಎಲ್ಲರಿಗೂ ಹಳೆಯ ಗುರುಪರಂಪರೆ ಇತ್ತು. 'ನಿಮ್ಮದು ನಿನ್ನೆಮೊನ್ನೆಯದು' ಎಂಬ ಮಾತಿಗೆ ಉತ್ತರ ಬೇಕಿತ್ತು. ಬಸವಣ್ಣನಿಗಿಂತ ನೂರಾರು ವರ್ಷ ಹಿಂದಿನ ಅರುವತ್ತುಮೂವರನ್ನು ನಮ್ಮ ಹಿರಿಯರು ಎಂದು ತೋರಿಸಿದರೆ ಪರಂಪರೆ ತಾನಾಗಿ ಹಳೆಯದಾಗುತ್ತದೆ. ನಮ್ಮ ಓದಿಗೆ ಹೊಳೆದ ಕಾರಣ ಇದು. ಹೊಸ ಮನೆ ಕಟ್ಟಿದವರು ಪಡಸಾಲೆಯಲ್ಲಿ ಮುತ್ತಜ್ಜನ ಫೋಟೊ ಹಾಕುವ ಹಾಗೆ.

ಮುಂದೆ ಒಂದು ಸಾಲೇ ಬಂತು. ಸುಮಾರು 1500ರಲ್ಲಿ ಸುರಂಗಕವಿ ಅರುವತ್ತುಮೂವರ ಮೇಲೆಯೇ 'ತ್ರಿಷಷ್ಟಿ ಪುರಾತನ ಚರಿತ್ರೆ' ಬರೆದ. ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ 'ಭಾವಚಿಂತಾರತ್ನ'ದಲ್ಲಿ ಸತ್ಯೇಂದ್ರ ಚೋಳನ ಕತೆ ಹೇಳಿದ, ನ್ಯಾಯಕ್ಕಾಗಿ ಸ್ವಂತ ಮಗನಿಗೇ ಮರಣದಂಡನೆ ಕೊಟ್ಟ ಅರಸನ ಕತೆ. ತಿರುವಾರೂರಿನ ಮನುನೀತಿ ಚೋಳನ ಕತೆ ಇದಕ್ಕೆ ಹತ್ತಿರದ ನೆಂಟ. ರಕ್ಕಸತಂಗಡಿಯಲ್ಲಿ 1565ರಲ್ಲಿ ವಿಜಯನಗರ ಸೋತ ಮೇಲೂ ಈ ಕೆಲಸ ನಿಲ್ಲಲಿಲ್ಲ. 1584ರ ಸುಮಾರಿಗೆ ವಿರೂಪಾಕ್ಷ ಪಂಡಿತ 'ಚೆನ್ನಬಸವ ಪುರಾಣ' ಮುಗಿಸಿದ.

ಪುಸ್ತಕಗಳಿಗಿಂತ ಮುಖ್ಯವಾದದ್ದು ಕಾಲ್ನಡಿಗೆ. ವಿರಕ್ತರಲ್ಲಿ ಚರಮೂರ್ತಿಗಳೆಂದರೆ ಒಂದು ಕಡೆ ನಿಲ್ಲದೆ ಊರೂರು ತಿರುಗುವವರು. 16ನೇ ಶತಮಾನದ ತೋಂಟದ ಸಿದ್ಧಲಿಂಗ ಯತಿಗಳ ಜೊತೆ ಏಳುನೂರೊಂದು ವಿರಕ್ತರು ತಿರುಗುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಅವರ ಗದ್ದುಗೆ ಕುಣಿಗಲ್ ಬಳಿಯ ಎಡೆಯೂರಿನಲ್ಲಿದೆ. ಹೀಗೆ ತಿರುಗುವವರು ಬಂದ ಊರಿನಲ್ಲಿ ಉಂಡು, ರಾತ್ರಿ ನಾಲ್ಕು ಮಾತು ಹೇಳಿ, ಬೆಳಿಗ್ಗೆ ಮುಂದಿನ ಊರಿಗೆ ಹೋಗುತ್ತಿದ್ದರು. ಜಂಗಮನಿಗೆ ಬಾಗಿಲು ತೆರೆದ ಸಿರಿಯಾಳನ ಕತೆಯನ್ನು ಬಾಗಿಲಲ್ಲಿ ನಿಂತ ಜಂಗಮನೇ ಹೇಳಿದರೆ ಕೇಳುವವರಿಗೆ ಹೇಗೆ ನಾಟಿರಬೇಡ! ಕತೆಯಲ್ಲಿ ಹೇಳುವವರ ಹೊಟ್ಟೆಪಾಡೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ.

ಅಕ್ಷರ ಬಾರದವರಿಗೆ ಹಾಡು ತಲುಪಿತು. ನಿಜಗುಣ ಶಿವಯೋಗಿಗಳು ಪುರಾತನರನ್ನು ತ್ರಿಪದಿಗೆ ಇಳಿಸಿ 'ಪುರಾತನರ ತ್ರಿವಿಧಿ' ಮಾಡಿದರು. ತ್ರಿಪದಿ ನಮ್ಮ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಮಟ್ಟು. ಓಲೆಗರಿ ಮಠದ ಗೂಡಿನಲ್ಲಿ ಇರುತ್ತಿತ್ತು, ಹಾಡು ಮಾತ್ರ ಹೊಸ್ತಿಲು ದಾಟುತ್ತಿತ್ತು. ಅದರ ಹಿಂದೆ ಹೆಸರುಗಳೂ ದಾಟಿದವು. ಮಕ್ಕಳಿಗೆ ಕಣ್ಣಪ್ಪ ಎಂದು ಹೆಸರಿಟ್ಟವರು ಕಾಳಹಸ್ತಿಯ ಬೇಡನನ್ನು ಮನೆಗೆ ಕರೆತಂದರು. ನಾಟಕ ಕಂಪನಿಗಳು ಅವನನ್ನು ರಂಗಕ್ಕೆ ತಂದವು. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾದ ನಾಯಕನಾಗಿ ರಾಜ್‌ಕುಮಾರ್ ತೆರೆಗೆ ಬಂದರು. ಕನ್ನಡಿಗರ ಅಣ್ಣಾವ್ರ ಮೊದಲ ನಾಯಕಪಾತ್ರವೂ ಹೊರನಾಡಿನಿಂದ ಬಂದ ಸಂತನದೇ.

ಸಂನ್ಯಾಸಿಗಳು ಸಂತರನ್ನು ಹೊತ್ತು ತಿರುಗಿದ್ದು ನಮ್ಮಲ್ಲಿ ಮಾತ್ರವಲ್ಲ. ಹೆಚ್ಚುಕಡಿಮೆ ಅದೇ ಕಾಲದ ಯುರೋಪಿನಲ್ಲಿ ಹಂಗೇರಿಯ ಪೌಲಿನ್ ಸಂನ್ಯಾಸಿಗಳಿದ್ದರು. ಅವರು ತಮ್ಮ ಮೂಲಪುರುಷನೆಂದು ಕರೆದುಕೊಂಡದ್ದು ಈಜಿಪ್ಟಿನ ಮರಳುಗಾಡಿನ ಪಾಲ್ ಎಂಬ ತಪಸ್ವಿಯನ್ನು. 1381ರಲ್ಲಿ ಅವನ ಅಸ್ಥಿಯನ್ನು ವೆನಿಸ್‌ನಿಂದ ಬುಡಾ ನಗರಕ್ಕೆ ತರಿಸಿದರು. ಮರುವರ್ಷ ಅವರಲ್ಲಿ ಕೆಲವರು ಪೋಲೆಂಡಿನ ಚೆಸ್ತೊಹೋವಾಕ್ಕೆ ಹೋಗಿ ಮಠ ಹೂಡಿದರು. ಹೀಗೆ ಹೋಗುವ ಸಂನ್ಯಾಸಿಗಳ ಪ್ರಾರ್ಥನಾ ಪುಸ್ತಕಗಳಲ್ಲಿ ಅವರ ನಾಡಿನ ಸಂತರ ಹಬ್ಬದ ದಿನಗಳೂ ಹೋಗುತ್ತಿದ್ದವು. ಹಂಗೇರಿಯ ಸಂತರಲ್ಲಿ ಅರಸರೇ ದೊಡ್ಡವರು. ಸ್ಟೀಫನ್‌ನನ್ನು 1083ರಲ್ಲಿ, ಲಾಡಿಸ್ಲಾಸ್‌ನನ್ನು 1192ರಲ್ಲಿ ಸಂತರೆಂದು ಸಾರಲಾಯಿತು. ಲಾಡಿಸ್ಲಾಸ್ ಕುದುರೆಯೇರಿ ಶತ್ರುವನ್ನು ಅಟ್ಟುವ ಚಿತ್ರ ಅಲ್ಲಿನ ಹಳ್ಳಿಯ ಚರ್ಚುಗಳ ಗೋಡೆಯ ಮೇಲೆ ಈಗಲೂ ಇದೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಕಂಡ ವ್ಯತ್ಯಾಸ ಎರಡು. ಒಂದು, ಅಲ್ಲಿ ಸಂತನ ಜೊತೆ ಎಲುಬು ಪ್ರಯಾಣ ಮಾಡಿತು, ಇಲ್ಲಿ ಕತೆ ಮಾತ್ರ. ನಮ್ಮ ಕಡೆ ಗದ್ದುಗೆ ಇರುವ ಸ್ವಾಮಿಗಳು ಆ ಊರಿಗೆ, ಆ ಮಠಕ್ಕೆ ಅಂಟಿಕೊಂಡವರು. ಸಿರಿಯಾಳನಿಗೆ, ಕಣ್ಣಪ್ಪನಿಗೆ ಇಲ್ಲಿ ಗದ್ದುಗೆಯಿಲ್ಲ, ಆದ್ದರಿಂದ ಬೇಲಿಯೂ ಇಲ್ಲ. ಎರಡು, ಹಂಗೇರಿಯವರು ತಮ್ಮ ಸಂತನ ಕೈಯಲ್ಲಿ ಕತ್ತಿಯನ್ನು ಉಳಿಸಿಕೊಂಡರು. ನಮ್ಮವರು ಕತ್ತಿ ತೆಗೆದಿಟ್ಟು ಬಡಿಸುವ ಸೌಟು ಕೊಟ್ಟರು. ಕತ್ತಿ ಕಂಡಿದ್ದರೆ ಬಾದಾಮಿಯ ನೆನಪು ಬರುತ್ತಿತ್ತು. ಸೌಟಿಗೆ ಗಡಿಯಿಲ್ಲ.

ಹಾಗೆಂದು ಬಂದದ್ದೆಲ್ಲ ಅಮೃತವೇ ಎನ್ನಲಾಗದು. ಸಂತರ ಜೊತೆ ಅವರ ಜಗಳಗಳೂ ಬಂದವು. ತಮಿಳು ಕತೆಗಳಲ್ಲಿ ಸಮಣರೆಂದು ಹಳಿಸಿಕೊಂಡ ಜೈನರು ಕನ್ನಡದ ಶೈವ ಪುರಾಣಗಳಲ್ಲೂ ಖಳರಾದರು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯ ತಲೆ ಕತ್ತರಿಸಿಕೊಂಡು ಮರಳಿ ಪಡೆದು ಜೈನರನ್ನು ಸೋಲಿಸಿದನೆಂದು ಹೇಳುತ್ತದೆ. ಸೋತವರ ಕಡೆಯ ಮಾತು ಅಲ್ಲಿಲ್ಲ. ಹಂಚಿ ಉಣ್ಣುವ ಕತೆಯೂ ಹೊಡೆದು ಓಡಿಸುವ ಕತೆಯೂ ಒಂದೇ ಜೋಳಿಗೆಯಲ್ಲಿ ಬಂದಿವೆ. ಯಾವುದನ್ನು ಮತ್ತೆ ಮತ್ತೆ ಹಾಡಬೇಕು ಎಂಬುದು ಈಗ ಹಾಡುವವರ ಕೈಯಲ್ಲಿದೆ.

ಇಷ್ಟು ಹಳೆಯ ಸಂಗತಿ ನಮಗೆ ಇವತ್ತು ಯಾಕೆ ಬೇಕು? ವರದಿಗೆಂದು ನಾವು ಹೋಗುವ ಜಯಂತಿಗಳಿಂದಾಗಿ. ತಾಲ್ಲೂಕು ಕಚೇರಿಯಲ್ಲಿ ಒಂದಾದ ಮೇಲೊಂದು ಜಯಂತಿ ನಡೆಯುತ್ತದೆ. ಮಡಿವಾಳ ಮಾಚಿದೇವರ ಜಯಂತಿಗೆ ಮಡಿವಾಳ ಸಮಾಜದವರು, ಹೀಗೆ. ದೀರ್ಘಕಾಲ ಬದಿಗೆ ಸರಿಸಲ್ಪಟ್ಟವರು ತಮ್ಮ ಹಿರಿಯನ ಫೋಟೊವನ್ನು ಸರ್ಕಾರಿ ವೇದಿಕೆಯ ಮೇಲೆ ಕಾಣುವುದು ಸಣ್ಣ ಸಂಗತಿಯಲ್ಲ, ಅದು ಬೇಕು. ಆದರೆ ಉಳಿದ ಕುರ್ಚಿಗಳು ಖಾಲಿ ಇರುತ್ತವೆ. ನಾವೂ ವರದಿಯಲ್ಲಿ ಸಮಾಜದ ಹೆಸರು ಮೊದಲು, ಸಂತನ ಮಾತು ಕೊನೆಗೆ ಬರೆದು ಕಳಿಸಿದ್ದೇವೆ.

ಬಸವಣ್ಣನ ಒಂದು ವಚನ ಈ ವಿಷಯವನ್ನೇ ಎತ್ತುತ್ತದೆ. ಸಿರಿಯಾಳ, ಮಾಚಯ್ಯ, ಕಕ್ಕಯ್ಯ, ಚೆನ್ನಯ್ಯ ಇವರನ್ನು ಕಸುಬಿನ, ಕುಲದ ಹೆಸರಿನಿಂದ ಕರೆಯಬಹುದೇ ಎಂದು ಸಾಲಾಗಿ ಕೇಳಿ, ತನ್ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿ, ಹುಟ್ಟಿದ ಕುಲವನ್ನು ಹೇಳಿಕೊಂಡರೆ ಸಂಗಯ್ಯ ನಗುತ್ತಾನೆ ಎಂಬ ಅರ್ಥದಲ್ಲಿ ಮುಗಿಸುತ್ತಾನೆ. ಕಾವೇರಿ ಬಯಲಿನಿಂದ ಬಂದ ಸಿರಿಯಾಳನನ್ನು ಅವನು ಮಾಚಯ್ಯ, ಚೆನ್ನಯ್ಯರ ಪಕ್ಕದಲ್ಲೇ ಇಟ್ಟ. ಮನೆಯವರನ್ನೂ ಹೊರಗಿನವರನ್ನೂ ಬೇರೆ ಪಂಕ್ತಿಯಲ್ಲಿ ಕೂರಿಸಲಿಲ್ಲ.

ನಮ್ಮ ತಂಡದಲ್ಲಿ ತಾಂಡಾದಿಂದ ಬಂದ ಗೆಳೆಯನಿದ್ದಾನೆ. ಈ ಲೇಖನ ಬರೆಯುವಾಗ ಅವನೊಂದು ಮಾತು ಹೇಳಿದ: 'ನೀವು ಬಂದವರ ಕತೆ ಬರೀತೀರಿ, ಹೋದವರದ್ದನ್ನೂ ಬರೀರಿ.' ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ನಂಬಲಾಗಿದೆ. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ಪೊಹರಾದೇವಿಯಲ್ಲಿ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡೆಲ್ಲ ತಿರುಗಿದ ಜನ ಅವರನ್ನೂ ಜೊತೆಗೆ ಒಯ್ದರು. ಪ್ರತಿ ಫೆಬ್ರುವರಿಯಲ್ಲಿ ಮಾಲೆ ಧರಿಸಿದವರು ಬೇರೆ ಬೇರೆ ರಾಜ್ಯಗಳಿಂದ ಕಾಲ್ನಡಿಗೆಯಲ್ಲೂ ಬರುತ್ತಾರೆ. ನಮ್ಮ ಸೀಮೆಯಲ್ಲಿ ಹುಟ್ಟಿದ ಸಂತ ದೂರದ ಯಾವುದೋ ತಾಂಡಾದ ಅಜ್ಜನಿಗೆ 'ನಮ್ಮೋನೇ'. ಕಾವೇರಿ ಬಯಲಿನ ಸಂತ ನಲ್ಲೂರಿನ ಅಜ್ಜನಿಗೆ 'ನಮ್ಮೋನೇ'.

ನಾವು ಹುಡುಕಿದ್ದನ್ನೆಲ್ಲ ಆ ಅಜ್ಜನಿಗೆ ಹೋಗಿ ಹೇಳಿದೆವು. ದಂಡನಾಯಕ, ಪಲ್ಲವರು, ಬಾದಾಮಿ, ಎಲ್ಲವನ್ನೂ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದ.

'ಬಾದಾಮಿ ಕೆಡವಿದೋನಾ?'

'ಹೌದಜ್ಜ, ಅವರ ಪುರಾಣದಾಗೆ ಹಂಗೈತೆ.'

ಅಜ್ಜ ಎಲೆ ಮಡಚಿ ಬಾಯಿಗಿಟ್ಟುಕೊಂಡ. 'ಆಮೇಲೆ ಎಷ್ಟು ಮಂದಿಗೆ ಉಣಿಸ್ಯಾನೆ ನೋಡು' ಎಂದ.